ಮಾಡಿದ ಹೋರಾಟಕ್ಕೆ ಮೊಬೈಲಿನಲ್ಲಿ ಸಮರ್ಥನೆ: ಬ್ಯಾಡಗಿಯ ತಂದೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವವನು. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ. ಹೋದ ವರ್ಷ ಒಂದು ವಿದ್ಯಾರ್ಥಿ ಸಂಘಟನೆ ಸೇರಿದಳು; ಈಗ ಅದರ ಇನ್‌ಸ್ಟಾಗ್ರಾಂ ಪುಟ ನಡೆಸುವವಳೂ ಅವಳೇ. ಇತ್ತೀಚೆಗೆ ವಿದ್ಯಾರ್ಥಿವೇತನ ಜಮಾ ಆಗಿಲ್ಲವೆಂದು ಅವರೆಲ್ಲ ಜುಬಿಲಿ ವೃತ್ತದಲ್ಲಿ ಮುಕ್ಕಾಲು ಗಂಟೆ ರಸ್ತೆ ತಡೆದರು. ಆಮೇಲೆ ಎರಡು ದಿನ ಆ ಪುಟದಲ್ಲಿ ಒಂದರ ಹಿಂದೆ ಒಂದು ರೀಲ್ಸ್, ಪೋಸ್ಟರ್. ನಾವು ಮಾಡಿದ್ದು ಏಕೆ ಸರಿ ಎಂಬುದೇ ಎಲ್ಲದರ ಸಾರ. ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದವರೊಬ್ಬರು ದಾರಿಯಲ್ಲಿ ಸಿಕ್ಕಿಕೊಂಡು ಒದ್ದಾಡಿದೆವು ಎಂದು ಕೆಳಗೆ ಕಾಮೆಂಟ್ ಬರೆದಿದ್ದರು. ‘ಬಡವರ ಮಕ್ಕಳು ಉಪವಾಸ ಬಿದ್ದಾಗ ನೀವು ಎಲ್ಲಿದ್ದಿರಿ?’ ಎಂದು ಪುಟದ ಕಡೆಯಿಂದ ಉತ್ತರ ಬಂತು. ಸಂಜೆಯ ಹೊತ್ತಿಗೆ ಅವರ ಕಾಮೆಂಟನ್ನೇ ಅಳಿಸಿದ್ದರು. ಮಗಳನ್ನು ಕೇಳಿದರೆ, ‘ನಾವಽ ಹೇಳಲಿಲ್ಲಂದ್ರ ನಮ್ಮ ಸಲುವಾಗಿ ಯಾರ್ ಹೇಳ್ತಾರ್ರಿ ಅಪ್ಪಾ?’ ಅನ್ನುತ್ತಾಳೆ. ಸರಿಯಾದ ಕೆಲಸಕ್ಕೆ ಇಷ್ಟೊಂದು ಸಮರ್ಥನೆ ಏಕೆ ಬೇಕು? ಕೇಸು ಬಿದ್ದರೆ ನೌಕರಿ, ಪಾಸ್‌ಪೋರ್ಟ್ ಎಲ್ಲ ಹೋಯಿತು ಎಂದು ಊರಲ್ಲಿ ಹೆದರಿಸುತ್ತಿದ್ದಾರೆ. ಫೋನ್ ಕಸಿದುಕೊಳ್ಳಲೇ? ಸಂಘಟನೆ ಬಿಡಿಸಲೇ?

ಉತ್ತರ: ನಿಮ್ಮ ಪತ್ರದ ಜೊತೆಗಿದ್ದ ಸ್ಕ್ರೀನ್‌ಶಾಟ್‌ಗಳನ್ನೂ ಒಂದೊಂದಾಗಿ ನೋಡಿದೆ. ನಿಮ್ಮ ಚಿಂತೆಯಲ್ಲಿ ಎರಡು ಎಳೆಗಳು ಗಂಟುಬಿದ್ದಿವೆ. ಕೇಸು, ನೌಕರಿ, ಪಾಸ್‌ಪೋರ್ಟಿನ ಭಯ ಮೇಲೆ ಕಾಣುವ ಎಳೆ. ಅದಕ್ಕೆ ಉತ್ತರ ಸುಲಭ, ಮುಂದೆ ಹೇಳುತ್ತೇನೆ. ಒಳಗಿನ ಎಳೆ ಮಗಳ ಸ್ವಭಾವಕ್ಕೆ ಸಂಬಂಧಿಸಿದ್ದು. ತೊಂದರೆಗೆ ಸಿಕ್ಕಿಕೊಂಡ ಒಬ್ಬ ಮನುಷ್ಯನ ಮಾತನ್ನು ನನ್ನ ಮಗಳು ಅಳಿಸಿಹಾಕಿದಳೇ ಎಂಬ ನೋವು ನಿಮ್ಮ ಬರಹದಲ್ಲಿ ಕಾಣುತ್ತದೆ. ಮೂವತ್ತು ವರ್ಷ ಧಾರವಾಡ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಕಲಿಸಿದ ನನಗೂ ಈ ಎರಡನೆಯದೇ ದೊಡ್ಡ ಪ್ರಶ್ನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ತಪ್ಪು ಮಾಡಿದವರು ಮಾತ್ರ ಸಮರ್ಥಿಸಿಕೊಳ್ಳುತ್ತಾರೆ ಎಂಬುದು ನಿಜವಲ್ಲ. ಹೋರಾಟ ಎಂಬುದು ಇದ್ದಾಗಿನಿಂದಲೂ ಅದಕ್ಕೆ ವಿವರಣೆ ಇದ್ದೇ ಇದೆ. 1982ರ ಗೋಕಾಕ್ ಚಳವಳಿಯ ದಿನಗಳಲ್ಲಿ ನಾನು ಧಾರವಾಡದಲ್ಲಿ ವಿದ್ಯಾರ್ಥಿಯಾಗಿದ್ದೆ. ಮೆರವಣಿಗೆ ಮುಗಿದ ಮೇಲೆ ನಮ್ಮಲ್ಲೊಬ್ಬ ಬಿಳಿ ಹಾಳೆಯ ಮೇಲೆ ‘ಪ್ರಕಟಣೆಯ ಕೃಪೆಗಾಗಿ’ ಎಂದು ಬರೆದು, ಕಾರ್ಬನ್ ಇಟ್ಟು ನಾಲ್ಕು ಪ್ರತಿ ತೆಗೆದು, ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಪತ್ರಿಕಾ ಕಚೇರಿಗಳಿಗೆ ಮುಟ್ಟಿಸಿ ಬರುತ್ತಿದ್ದ. ಆ ಹಾಳೆಯಲ್ಲಿಯೂ ನಾವು ಮಾಡಿದ್ದು ಏಕೆ ಸರಿ ಎಂಬುದೇ ಇರುತ್ತಿತ್ತು. ಆದರೆ ಅದನ್ನು ಒಬ್ಬ ಉಪಸಂಪಾದಕ ಓದುತ್ತಿದ್ದ, ಅನುಮಾನ ಬಂದರೆ ‘ಎಷ್ಟು ಮಂದಿ ಇದ್ದಿರಿ, ಸರಿಯಾಗಿ ಹೇಳ್ರಿ’ ಎಂದು ಕೇಳುತ್ತಿದ್ದ, ಉತ್ಪ್ರೇಕ್ಷೆಯ ಸಾಲಿಗೆ ಕೆಂಪು ಗೆರೆ ಎಳೆಯುತ್ತಿದ್ದ. ನಿಮ್ಮ ಮಗಳಿಗೆ ಆ ಉಪಸಂಪಾದಕನಿಲ್ಲ. ಬರೆಯುವವಳೂ ಅವಳೇ, ತಿದ್ದುವವಳೂ ಅವಳೇ, ಪ್ರಕಟಿಸುವವಳೂ ಅವಳೇ, ಬಂದ ಆಕ್ಷೇಪಣೆಯನ್ನು ಇಡಬೇಕೋ ಅಳಿಸಬೇಕೋ ಎಂದು ತೀರ್ಮಾನಿಸುವವಳೂ ಅವಳೇ. ಇಪ್ಪತ್ತು ವರ್ಷದ ಹುಡುಗಿಗೆ ಇದು ಬಹಳ ದೊಡ್ಡ ಹೊರೆ.

ನಮ್ಮ ರಾಜ್ಯದಲ್ಲಿ ಈ ಸಮರ್ಥನೆಯ ಒತ್ತಡ ಹೆಚ್ಚಿರುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಪಾಲಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕ್ಯಾಂಪಸ್ಸಿನ ಹಿಂಸಾಚಾರದ ಕಾರಣ ನೀಡಿ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆಯನ್ನು 1989ರಲ್ಲಿ ನಿಲ್ಲಿಸಲಾಯಿತು. 2006ರಲ್ಲಿ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಒಪ್ಪಿ, ಕಾಲೇಜು ಚುನಾವಣೆ ಹೇಗೆ ನಡೆಯಬೇಕೆಂದು ನಿಯಮ ಹಾಕಿಕೊಟ್ಟ ಮೇಲೂ ನಮ್ಮಲ್ಲಿ ಅವು ಮತ್ತೆ ತಲೆಯೆತ್ತಲಿಲ್ಲ. ಇದರ ಪರಿಣಾಮ ನೇರವಾದದ್ದು. ‘ನಿಮ್ಮನ್ನು ಆರಿಸಿದವರು ಯಾರು?’ ಎಂದು ಪ್ರಾಂಶುಪಾಲರೋ ಪೊಲೀಸರೋ ಕೇಳಿದರೆ ಸಂಘಟನೆಯ ಕೈಯಲ್ಲಿ ತೋರಿಸಲು ಮತವಿಲ್ಲ. ಆಗ ತೋರಿಸಲು ಉಳಿಯುವುದು ಫಾಲೋವರ್‌ಗಳ ಸಂಖ್ಯೆ, ರೀಲ್ಸ್ ಎಷ್ಟು ಸಾವಿರ ಜನರನ್ನು ತಲುಪಿತೆಂಬ ಅಂಕಿ. ವಿದ್ಯಾರ್ಥಿ ಸಂಘಟನೆಗಳಲ್ಲಿ ಎಐಡಿಎಸ್‌ಓ 1954ರದ್ದು, ಎಬಿವಿಪಿ 1949ರದ್ದು, ಎಸ್‌ಎಫ್‌ಐ 1970ರದ್ದು, ಎನ್‌ಎಸ್‌ಯುಐ 1971ರದ್ದು. ಮೊಬೈಲ್ ಬರುವುದಕ್ಕೆ ದಶಕಗಳ ಮೊದಲೇ ಇದ್ದ ಸಂಘಟನೆಗಳಿವು. ಹೋರಾಟವನ್ನು ಮೊಬೈಲ್ ಹುಟ್ಟಿಸಲಿಲ್ಲ. ‘ನಾವು ಇವರ ಪರವಾಗಿ ಮಾತನಾಡಬಲ್ಲೆವು’ ಎಂಬ ಹಕ್ಕನ್ನು ದಿನದಿನವೂ ಗಳಿಸಿಕೊಳ್ಳಬೇಕಾದ ಜಾಗವಾಗಿ ಅದು ಬೆಳೆದು ನಿಂತಿದೆ. ನಿಮ್ಮ ಮಗಳ ಪ್ರಶ್ನೆ ಹುಟ್ಟಿದ್ದೂ ಇಲ್ಲಿಯೇ, ಅದು ಉಡಾಫೆಯ ಮಾತಲ್ಲ.

ಇನ್ನು ಆ ಪೋಸ್ಟ್‌ಗಳಿಗೆ ಬರುತ್ತೇನೆ. ಸಮರ್ಥನೆಯ ಭಾಷೆಯನ್ನು ಓದುವವರು ಅದರಲ್ಲಿ ನಾಲ್ಕು ದಾರಿಗಳನ್ನು ಗುರುತಿಸುತ್ತಾರೆ; ನೀವು ಕಳಿಸಿದ ಮೊದಲನೆಯ ಪೋಸ್ಟರಿನಲ್ಲಿ ನಾಲ್ಕೂ ಇವೆ. ಮೇಲ್ಗಡೆ ಅಂಬೇಡ್ಕರರ ಚಿತ್ರ, ಪಕ್ಕದಲ್ಲಿ ಕಿತ್ತೂರು ಚೆನ್ನಮ್ಮ, ಕೆಳಗೆ ಸಂವಿಧಾನದ 19ನೇ ವಿಧಿಯ ಉಲ್ಲೇಖ: ಇದು ದೊಡ್ಡವರ, ಕಾನೂನಿನ ಆಸರೆ ಪಡೆಯುವ ದಾರಿ. ‘ಬಡವರ ಮಕ್ಕಳ ಅನ್ನ’ ಎಂಬ ಮಾತು ನ್ಯಾಯ-ಅನ್ಯಾಯದ ತಕ್ಕಡಿಯಲ್ಲಿ ತೂಗುವ ದಾರಿ. ‘ಮೂರು ಸಲ ಮನವಿ ಕೊಟ್ಟೆವು, ಉತ್ತರ ಬರಲಿಲ್ಲ, ಆದ್ದರಿಂದ ರಸ್ತೆಗಿಳಿದೆವು’ ಎಂಬುದು ಕಾರಣ ಕೊಡುವ ದಾರಿ. ಫೀ ಕಟ್ಟಲಾಗದೆ ಊರಿಗೆ ಮರಳಿದ ಹುಡುಗಿಯ ಪ್ರಸಂಗ, ಕಥೆ ಹೇಳಿ ಒಪ್ಪಿಸುವ ನಾಲ್ಕನೆಯ ದಾರಿ. ಇವುಗಳಲ್ಲಿ ಯಾವುದೂ ಸ್ವತಃ ಮೋಸವಲ್ಲ. ಆದರೆ ಪರೀಕ್ಷೆಗೆ ನಿಲ್ಲುವುದು ಮೂರನೆಯದು ಮಾತ್ರ, ಏಕೆಂದರೆ ಮೂರು ಮನವಿಗಳಿಗೂ ದಿನಾಂಕ ಇರಬೇಕು, ಕಚೇರಿಯ ಸ್ವೀಕೃತಿ ಮೊಹರು ಇರಬೇಕು. ನಾನು ಆ ಮೊಹರನ್ನು ಹುಡುಕಿದೆ. ಪೋಸ್ಟರಿನಲ್ಲಿ ಇರಲಿಲ್ಲ. ಚೆನ್ನಮ್ಮನ ಚಿತ್ರಕ್ಕೆ ಅರ್ಧ ಪುಟ ಸಿಕ್ಕಿತು, ಮನವಿಯ ಪ್ರತಿಗೆ ಜಾಗ ಸಿಗಲಿಲ್ಲ. ಮಗಳು ಸುಳ್ಳು ಹೇಳಿದ್ದಾಳೆಂದು ನಾನು ಹೇಳುತ್ತಿಲ್ಲ. ಮನವಿಗಳು ಖಂಡಿತ ಇರಬಹುದು. ತನ್ನ ಅತ್ಯಂತ ಗಟ್ಟಿಯಾದ ಆಧಾರವನ್ನು ಅವಳು ಕಡತದಲ್ಲೇ ಬಿಟ್ಟು ಬಂದಿದ್ದಾಳೆ ಎಂಬುದಷ್ಟೇ ನನ್ನ ಬೇಸರ.

ಡಯಾಲಿಸಿಸ್ ಪ್ರಸಂಗ ಬೇರೆ ಬಗೆಯದು. ‘ಆಗ ನೀವು ಎಲ್ಲಿದ್ದಿರಿ?’ ಎಂಬ ಉತ್ತರಕ್ಕೆ ಸಮಾಜಶಾಸ್ತ್ರದಲ್ಲಿ ಹಳೆಯ ವಿವರಣೆ ಇದೆ. ತಪ್ಪಿನ ಭಾರವನ್ನು ಮನಸ್ಸಿನಿಂದ ಇಳಿಸಿಕೊಳ್ಳಲು ಜನ ಬಳಸುವ ಐದು ತಂತ್ರಗಳನ್ನು ಅಮೆರಿಕದ ಇಬ್ಬರು ವಿದ್ವಾಂಸರು 1957ರಲ್ಲಿ ವಿವರಿಸಿದರು. ಆಕ್ಷೇಪಿಸಿದವರನ್ನೇ ಆಕ್ಷೇಪಿಸುವುದು ಅವುಗಳಲ್ಲೊಂದು, ದೊಡ್ಡ ನಿಷ್ಠೆಯ ಹೆಸರು ಹೇಳಿ ಸಣ್ಣ ಹಾನಿಯನ್ನು ಮರೆಮಾಡುವುದು ಇನ್ನೊಂದು. ಎರಡೂ ಆ ಒಂದೇ ಸಾಲಿನಲ್ಲಿವೆ. ಆ ಮನುಷ್ಯ ಸಂಘಟನೆಯ ವಿರೋಧಿಯಾಗಿರಲಿಲ್ಲ. ಅವರ ಮಾತಿನಲ್ಲಿ ಬೈಗುಳವಿರಲಿಲ್ಲ. ಹೋರಾಟದ ಬೆಲೆಯನ್ನು ಆ ದಿನ ನಿಜವಾಗಿ ತೆತ್ತವರು ಅವರು. ಸಂಘಟನೆ ಯಾರ ಮುಂದೆಯಾದರೂ ಲೆಕ್ಕ ಒಪ್ಪಿಸಬೇಕಿದ್ದರೆ ಮೊದಲು ಅವರ ಮುಂದೆ ಒಪ್ಪಿಸಬೇಕಿತ್ತು. ತನ್ನ ಬೆಂಬಲಿಗರಿಗೇ ಮತ್ತೆ ಮತ್ತೆ ‘ನಾವು ಸರಿ’ ಎಂದು ಹೇಳುವುದನ್ನು ನಾನು ಸಮರ್ಥನೆ ಎನ್ನುತ್ತೇನೆ. ಬಾಧೆಗೊಳಗಾದವರ ಎದುರು ನಿಂತು ‘ಇಷ್ಟು ಮಾಡಿದೆವು, ಈ ಕಾರಣಕ್ಕೆ ಮಾಡಿದೆವು, ನಿಮಗೆ ಆದದ್ದು ಇದು, ಮುಂದಿನ ಸಲ ಹೀಗೆ ನೋಡಿಕೊಳ್ಳುತ್ತೇವೆ’ ಎಂದು ಹೇಳುವುದು ಲೆಕ್ಕ ಒಪ್ಪಿಸುವುದು. ವರ್ಷಗಟ್ಟಲೆ ಖಾತೆ ಬರೆದ ನಿಮಗೆ ಈ ವ್ಯತ್ಯಾಸವನ್ನು ನಾನು ವಿವರಿಸಬೇಕಿಲ್ಲ. ನಿಮ್ಮ ಪ್ರಶ್ನೆಯೇ ಅದರಿಂದ ಹುಟ್ಟಿದೆ.

ಮಗಳ ಮೇಲೆ ಪೂರ್ತಿ ಹೊಣೆ ಹೊರಿಸುವ ಮೊದಲು, ಆ ವೇದಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ನೋಡಬೇಕು. ಯಾವುದನ್ನು ಜನ ನಿಂತು ನೋಡುತ್ತಾರೋ, ಮೆಚ್ಚುತ್ತಾರೋ, ಗೆಳೆಯರಿಗೆ ಕಳಿಸುತ್ತಾರೋ ಅದನ್ನೇ ಇನ್ನಷ್ಟು ಮಂದಿಗೆ ತೋರಿಸುವಂತೆ ಇನ್‌ಸ್ಟಾಗ್ರಾಂ ರೂಪುಗೊಂಡಿದೆ. ಟ್ವಿಟರಿನ ಐದು ಲಕ್ಷಕ್ಕೂ ಹೆಚ್ಚು ಸಂದೇಶಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ, ನೀತಿ ಮತ್ತು ಆವೇಶ ಎರಡೂ ಬೆರೆತ ಒಂದೊಂದು ಪದಕ್ಕೂ ಸಂದೇಶದ ಹರಡುವಿಕೆ ಸುಮಾರು ಶೇ 20ರಷ್ಟು ಹೆಚ್ಚುತ್ತದೆ ಎಂದು ಕಂಡುಕೊಂಡಿತು. ‘ವಿದ್ಯಾರ್ಥಿವೇತನ ವಿಳಂಬ: ಅಧಿಕಾರಿಗಳ ಭೇಟಿ’ ಎಂಬ ಶೀರ್ಷಿಕೆ ಅರವತ್ತು ಜನರಿಗೆ ತಲುಪಿ ನಿಂತರೆ, ‘ಬಡವರ ಅನ್ನಕ್ಕೆ ಕನ್ನ ಹಾಕಿದ ದ್ರೋಹಿಗಳು’ ಎಂಬುದು ಆರು ಸಾವಿರ ಮುಟ್ಟಬಹುದು. ಎರಡು ಸಲ ಹೀಗಾದರೆ ಮೂರನೆಯ ಸಲ ಯಾವ ಭಾಷೆ ಬರುತ್ತದೆಂದು ಊಹಿಸಿ. ಪುಟ ನಡೆಸುವ ಹುಡುಗ ಹುಡುಗಿಯರು ತಾವು ಬದಲಾಗುತ್ತಿರುವುದನ್ನು ಗಮನಿಸುವುದೇ ಇಲ್ಲ. ನನ್ನ ವಿದ್ಯಾರ್ಥಿಯೊಬ್ಬ ತಾನೇ ಒಂದು ವರ್ಷದ ಹಿಂದೆ ಬರೆದ ಸಾಲುಗಳನ್ನು ಪಕ್ಕದಲ್ಲಿಟ್ಟು ಓದಿದಾಗ ಬಹಳ ಹೊತ್ತು ಸುಮ್ಮನೆ ಕೂತಿದ್ದ.

ಆವೇಶದ ಭಾಷೆ ಹೆಚ್ಚಾದಂತೆ ಅಸಲಿ ಸಮಸ್ಯೆಯೇ ಹಿಂದೆ ಸರಿಯುತ್ತದೆ. ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳಿ. ಅದು ತಡವಾಗುವುದು ಸುಳ್ಳಲ್ಲ. ಆ ಹಣವನ್ನೇ ನಂಬಿ ಊಟದ ಬಿಲ್ಲು, ಕೋಣೆ ಬಾಡಿಗೆ ಕಟ್ಟುವ ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಯ ಮಕ್ಕಳನ್ನು ನಾನು ಎಷ್ಟೋ ಕಂಡಿದ್ದೇನೆ. ಆದರೆ ತಡಕ್ಕೆ ಒಂದೇ ಕಾರಣವಿಲ್ಲ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಮಂಜೂರಾಗಿದ್ದರೂ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಆಧಾರ್ ಸಂಖ್ಯೆಯ ಜೋಡಣೆ, ಆಗಿರದಿದ್ದರೆ ಹಣ ಬಂದು ಸೇರುವುದಿಲ್ಲ. ಕಾಲೇಜಿನ ಮಟ್ಟದಲ್ಲಿ ದೃಢೀಕರಣ ಬಾಕಿ ಉಳಿದರೂ ನಿಲ್ಲುತ್ತದೆ. ಅನುದಾನವೇ ಬಿಡುಗಡೆಯಾಗದಿದ್ದರೆ ಎಲ್ಲರಿಗೂ ನಿಲ್ಲುತ್ತದೆ. ಯಾರದ್ದು ಯಾವ ಹಂತದಲ್ಲಿ ನಿಂತಿದೆ ಎಂದು ಐವತ್ತು ವಿದ್ಯಾರ್ಥಿಗಳ ಪಟ್ಟಿ ಮಾಡಿ, ಸೀಡಿಂಗ್ ಆಗದವರನ್ನು ಬ್ಯಾಂಕಿಗೆ ಕರೆದೊಯ್ದು, ಉಳಿದವರ ಪರವಾಗಿ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಸಂಘಟನೆಗೆ ಆಮೇಲೆ ಚೆನ್ನಮ್ಮನ ಚಿತ್ರದ ಆಸರೆ ಅಷ್ಟಾಗಿ ಬೇಕಾಗುವುದಿಲ್ಲ. ಆ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಇಲಾಖೆಯೇ ಕೊಟ್ಟ ಉತ್ತರವನ್ನು ಪುಟದಲ್ಲಿ ಹಾಕಿದರೆ ಅದಕ್ಕಿಂತ ಬಲವಾದ ಸಮರ್ಥನೆ ಇನ್ನೊಂದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಸ್ಕ್ರೀನ್‌ಶಾಟ್‌ನಲ್ಲಿ ಕಂಡ ಒಂದು ವಿಷಯ ನನ್ನನ್ನು ಕಾಡಿತು. ಫೀ ಕಟ್ಟಲಾಗದೆ ಮರಳಿದ ಆ ಹುಡುಗಿಯ ಮುಖ ಸ್ಪಷ್ಟವಾಗಿ ಕಾಣುತ್ತದೆ, ಊರ ಹೆಸರೂ ಇದೆ. ಅವಳನ್ನು ಕೇಳಿ ಹಾಕಿದರೇ? ಬಡತನವನ್ನು ಊರಿಗೆಲ್ಲ ತೋರಿಸುವುದು ಅವಳ ಮನೆಯವರಿಗೆ ಒಪ್ಪಿಗೆ ಇತ್ತೇ? 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದಾಗ ಆ ಭೀಕರ ದೃಶ್ಯದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದನ್ನು ಈ ಭಾಗದ ಯಾವ ತಾಯಿ ತಂದೆಯೂ ಮರೆತಿಲ್ಲ. ಒಂದೇ ಸಾವನ್ನು ಬೇರೆ ಬೇರೆ ಗುಂಪುಗಳು ತಮ್ಮ ತಮ್ಮ ವಾದಕ್ಕೆ ಆಧಾರವಾಗಿ ಹೇಳಿಕೊಂಡವು. ಇನ್ನು ಲೈಂಗಿಕ ಅಪರಾಧದ ಪ್ರಕರಣವಾಗಿದ್ದರೆ, ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷಗಳವರೆಗೆ ಶಿಕ್ಷೆಯಾಗಬಲ್ಲ ಅಪರಾಧ. ‘ನ್ಯಾಯ ಕೊಡಿಸಲೆಂದೇ ಹಾಕಿದೆವು’ ಎಂಬ ಸದುದ್ದೇಶ ಅಲ್ಲಿ ರಕ್ಷಣೆಗೆ ಬರುವುದಿಲ್ಲ. ಅದೇ ರೀತಿ 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಯುವಕನ ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ಚಿತ್ರದಿಂದ ಆರಂಭವಾದದ್ದು ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರುವವರೆಗೆ ಹೋಯಿತು. ಅದು ವಿದ್ಯಾರ್ಥಿ ಸಂಘಟನೆಯ ವಿಷಯವಾಗಿರಲಿಲ್ಲ. ಆದರೂ ಪುಟ ನಡೆಸುವ ಪ್ರತಿಯೊಬ್ಬರೂ ಅದನ್ನು ನೆನಪಿಡಬೇಕು, ಏಕೆಂದರೆ ಹಾಕುವುದಕ್ಕೆ ಒಂದು ಕ್ಷಣ ಸಾಕಾದ ಚಿತ್ರದಿಂದ ಎಷ್ಟೋ ಮನೆಗಳು ತಿಂಗಳುಗಟ್ಟಲೆ ಕೋರ್ಟು ಅಲೆದವು.

ಈಗ ಕೇಸಿನ ಭಯ. ಶಾಂತಿಯುತವಾಗಿ ಸೇರುವುದು, ಮಾತನಾಡುವುದು 19ನೇ ವಿಧಿ ಕೊಟ್ಟ ಹಕ್ಕು. ಅಂತರಜಾಲದ ಮೂಲಕ ಅಭಿಪ್ರಾಯ ಹೇಳುವುದಕ್ಕೂ ಆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ‘ಕಿರಿಕಿರಿ ಉಂಟುಮಾಡುವ’ ಪೋಸ್ಟಿಗೂ ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲೇ ರದ್ದಾಗಿದೆ. ಆದರೆ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟವಾಗಿ ಆಕ್ರಮಿಸುವ ಹಕ್ಕಿಲ್ಲ ಎಂದು ಅದೇ ನ್ಯಾಯಾಲಯ 2020ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿದೆ. ರಸ್ತೆಗೆ ಅಡ್ಡಿ ಮಾಡಿದ್ದಕ್ಕೆ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಐದು ಸಾವಿರ ರೂಪಾಯಿವರೆಗೆ ದಂಡವಿದೆ. ಜನರನ್ನು ಅಕ್ರಮವಾಗಿ ತಡೆದರೆಂದು 126ನೇ ಕಲಂ ಹಾಕಿದರೆ ಒಂದು ತಿಂಗಳವರೆಗೆ ಸಾದಾ ಸಜೆಯೂ ಆಗಬಹುದು. ಇಲ್ಲಿ ರೀಲ್ಸ್‌ನ ಒಂದು ಅಪಾಯವನ್ನು ಮಕ್ಕಳು ಕಾಣುವುದಿಲ್ಲ. ‘ಹೌದು, ನಾವೇ ತಡೆದೆವು, ಮತ್ತೆ ತಡೆಯುತ್ತೇವೆ’ ಎಂದು ಮುಖ ತೋರಿಸಿ ಹೇಳಿದ ವಿಡಿಯೊ ಬೆಂಬಲಿಗರಿಗೆ ಸಮರ್ಥನೆ, ತನಿಖಾಧಿಕಾರಿಗೆ ಸಾಕ್ಷ್ಯ. ಅಳಿಸಿದರೂ ಯಾರದೋ ಫೋನಿನಲ್ಲಿ ಅದರ ಪ್ರತಿ ಉಳಿದಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಸದಸ್ಯ ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹೇಳಿವೆ. ಪುಟದ ಹೆಸರಿನಲ್ಲಿ ತಾನೇ ಹಾಕಿದ ಪೋಸ್ಟಿಗೆ ನಿಮ್ಮ ಮಗಳಿಗೆ ಈ ರಿಯಾಯಿತಿ ಸಿಗದು.

ಎಫ್‌ಐಆರ್ ಆದ ಕೂಡಲೇ ಪಾಸ್‌ಪೋರ್ಟ್ ಹೋಗುತ್ತದೆ ಎಂಬುದು ತಪ್ಪು. ನ್ಯಾಯಾಲಯದ ಮುಂದೆ ಕ್ರಿಮಿನಲ್ ಪ್ರಕರಣ ಬಾಕಿ ಇದ್ದಾಗ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ಆಗಲೂ ಆ ನ್ಯಾಯಾಲಯದ ಅನುಮತಿ ಪಡೆದು ಮುಂದುವರಿಯುವ ದಾರಿ ಇದೆ. ಸರ್ಕಾರಿ ನೌಕರಿಯ ವಿಷಯದಲ್ಲಿ 2016ರ ಅವತಾರ್ ಸಿಂಗ್ ಪ್ರಕರಣದ ತೀರ್ಪನ್ನು ನಿಮ್ಮ ಮಗಳು ಓದಿಕೊಳ್ಳಲಿ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಸಣ್ಣ ಪ್ರಕರಣವನ್ನು ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಿಂದ ಕಡೆಗಣಿಸಬಹುದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಉದಾಹರಣೆ ಸಮೇತ ಹೇಳಿದೆ. ಪರಿಶೀಲನಾ ನಮೂನೆಯಲ್ಲಿ ಕೇಸಿನ ಬಗ್ಗೆ ಕೇಳಿದಾಗ ಮುಚ್ಚಿಡುವುದು ಕೇಸಿಗಿಂತ ಹೆಚ್ಚು ಹಾನಿ ಮಾಡಬಹುದು. ಪೊಲೀಸ್ ಇಲಾಖೆಯಂತಹ ನೇಮಕಾತಿಗಳಲ್ಲಿ ಪರಿಶೀಲನೆ ಬಿಗಿ ಎಂಬುದನ್ನೂ ಅವಳು ತಿಳಿದಿರಬೇಕು.

ಫೋನ್ ಕಸಿದುಕೊಳ್ಳುವುದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೇಡ. ಪ್ರಾಯಕ್ಕೆ ಬಂದ ಮಗಳು ಗೆಳತಿಯ ಫೋನಿನಿಂದ ಇನ್ನೊಂದು ಖಾತೆ ತೆರೆಯುತ್ತಾಳೆ, ನಿಮಗೆ ಹೇಳುವುದನ್ನು ನಿಲ್ಲಿಸುತ್ತಾಳೆ. ಈಗ ನಿಮಗೆ ಎಲ್ಲ ಗೊತ್ತಾಗುತ್ತಿದೆ ಎಂಬುದೇ ನಿಮ್ಮ ಕೈಯಲ್ಲಿರುವ ದೊಡ್ಡ ಬಲ. ಸಂಘಟನೆ ಬಿಡಿಸುವುದರಿಂದ ಕೇಸಿನ ಅಪಾಯ ತಗ್ಗುತ್ತದೆ, ನಿಜ. ಆದರೆ ಮನವಿ ಬರೆಯಲು, ಅಧಿಕಾರಿಯ ಎದುರು ನಿಂತು ಮಾತನಾಡಲು, ಗುಂಪು ನಡೆಸಲು ಹಳ್ಳಿಯ ಹೆಣ್ಣುಮಕ್ಕಳಿಗೆ ಅಭ್ಯಾಸ ಸಿಗುವ ಜಾಗಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅದನ್ನು ಕಳೆದುಕೊಳ್ಳುವುದೂ ನಷ್ಟವೇ. ಪುಟದ ಹೊಣೆ ಬಿಟ್ಟು ಬರಿಯ ಸದಸ್ಯೆಯಾಗಿ ಉಳಿಯುವುದು ನಡುವಿನ ದಾರಿ. ಪರೀಕ್ಷೆಯ ತಿಂಗಳುಗಳಲ್ಲಿ ಇದನ್ನು ನಾನೇ ಹಲವರಿಗೆ ಸೂಚಿಸಿದ್ದೇನೆ. ಆಗ ಪುಟ ಇನ್ನೂ ಬಿಸಿ ತಲೆಯವರ ಕೈಗೆ ಹೋಗುವ ಸಾಧ್ಯತೆಯಿದೆ, ಅದನ್ನೂ ಮರೆಯಬಾರದು.

ನನಗೆ ಹೆಚ್ಚು ಸರಿಯೆನಿಸುವುದು, ಅವಳು ಉಳಿದು ರೀತಿ ಬದಲಿಸುವುದು. ಪೋಸ್ಟ್ ಹಾಕುವ ಮೊದಲು ಇಬ್ಬರಾದರೂ ಓದುವ ಕಟ್ಟುಪಾಡು ಇರಲಿ, ಅದರಲ್ಲೊಬ್ಬರು ಆ ದಿನ ಬೀದಿಯಲ್ಲಿ ಇರದವರಾಗಿರಲಿ. ರಾಜ್ಯ ಘಟಕದಿಂದ ಸಿದ್ಧವಾಗಿ ಬಂದ ಪೋಸ್ಟರಿಗೆ ಊರ ಹೆಸರು ಸೇರಿಸಿ ಹಾಕುವುದು ಎಲ್ಲ ಬಣ್ಣದ ಸಂಘಟನೆಗಳಲ್ಲೂ ರೂಢಿ. ಅದರಲ್ಲಿನ ಒಂದೊಂದು ಅಂಕಿಯೂ ಧಾರವಾಡಕ್ಕೆ ನಿಜವೇ ಎಂದು ಅವಳು ಕೇಳಲಿ. ಬೇರೆಯವರ ಮುಖ ಬೇಕಾದರೆ ಮೊದಲೇ ಒಪ್ಪಿಗೆ ಪಡೆಯಲಿ, ಬೇಡವೆಂದರೆ ತೆಗೆಯಲಿ. ಬೈಗುಳ, ಬೆದರಿಕೆಯ ಕಾಮೆಂಟ್ ಅಳಿಸಲಿ, ದೂರು ಅಳಿಸದಿರಲಿ. ಧರಣಿಗೆ ರಸ್ತೆಯ ನಡುಮಧ್ಯದ ಬದಲು ಕಡಪಾ ಮೈದಾನವನ್ನೋ ಜಿಲ್ಲಾಧಿಕಾರಿ ಕಚೇರಿಯ ಎದುರನ್ನೋ ಆರಿಸಿ ಪೊಲೀಸರಿಗೆ ಮುಂಚಿತವಾಗಿ ಬರೆದುಕೊಟ್ಟರೆ ಸಮರ್ಥಿಸಿಕೊಳ್ಳಬೇಕಾದ ಅರ್ಧ ವಿಷಯವೇ ಇಲ್ಲವಾಗುತ್ತದೆ. ಇದಕ್ಕೂ ಬೆಲೆಯಿದೆ: ನೋಡುವವರ ಸಂಖ್ಯೆ ಇಳಿಯುತ್ತದೆ, ಸಂಘಟನೆಯೊಳಗೆ ‘ಮೆತ್ತಗಾದಳು’ ಎಂಬ ಮಾತು ಬರುತ್ತದೆ. ಆಗ ಅವಳ ಬೆನ್ನಿಗೆ ನಿಲ್ಲುವವರು ನೀವಾಗಿದ್ದರೆ ಒಳ್ಳೆಯದು.

ಮುಂದಿನ ಸಲ ಅವಳು ಬ್ಯಾಡಗಿಗೆ ಬಂದಾಗ ಆ ಪೋಸ್ಟರನ್ನು ಜೊತೆಯಲ್ಲಿ ಕೂತು ನೋಡಿ. ಬೈಯಬೇಡಿ, ಮನವಿಗಳ ಪ್ರತಿ ತೋರಿಸು ಎಂದು ಕೇಳಿ. ಇದ್ದರೆ ಮೆಚ್ಚುಗೆಯ ಮಾತನ್ನು ಹೇಳಿ. ಅವಳಿಗೆ ಅದು ಸಾವಿರ ಲೈಕ್‌ಗಳಿಗಿಂತ ಹೆಚ್ಚು. ಆಮೇಲೆ ಡಯಾಲಿಸಿಸ್‌ನವರ ವಿಷಯ ಎತ್ತಿ. ಅವರ ಹೆಸರು ಸ್ಕ್ರೀನ್‌ಶಾಟ್‌ನಲ್ಲಿ ಇನ್ನೂ ಇದೆ. ಪುಟದಿಂದ ಅವರಿಗೆ ನೇರವಾಗಿ ಸಂದೇಶ ಕಳಿಸಿ, ತಾಯಿಯ ಆರೋಗ್ಯ ವಿಚಾರಿಸಿ, ಕಾಮೆಂಟ್ ಅಳಿಸಿದ್ದು ತಪ್ಪಾಯಿತೆಂದು ಹೇಳಲಿ. ಅವರು ಒಪ್ಪಿದರೆ ಪುಟದಲ್ಲಿಯೂ ಎರಡು ಸಾಲು ಬರೆಯಲಿ. ಬೇಡಿಕೆಯನ್ನು ಬಿಟ್ಟುಕೊಡಬೇಕಿಲ್ಲ, ಹೋರಾಟ ತಪ್ಪೆಂದು ಹೇಳಬೇಕಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಅವರಿಗಾದದ್ದನ್ನು ಒಪ್ಪಿಕೊಂಡರೆ ಸಾಕು.

ಒಂದು ವೇಳೆ ಪೊಲೀಸರಿಂದ ನೋಟಿಸ್ ಬಂದರೆ ಗಾಬರಿಯಿಂದ ಪೋಸ್ಟ್‌ಗಳನ್ನು ಅಳಿಸುತ್ತ ಕೂರಬೇಡಿ, ಅದು ಸಾಕ್ಷ್ಯ ನಾಶದಂತೆ ಕಾಣುತ್ತದೆ. ನೋಟಿಸಿನ ಪ್ರತಿ ಇಟ್ಟುಕೊಂಡು ವಕೀಲರ ಜೊತೆ ಹೋಗಲಿ. ವಕೀಲರ ಖರ್ಚು ಭಾರವೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.